ನಿಮಗಿದು ಗೊತ್ತೇ? ಕೀ ಕಿತ್ತರೂ ನಿಲ್ಲದ ಟ್ರ್ಯಾಕ್ಟರ್!

ಹಳೆಯ ಡೀಸೆಲ್ ಟ್ರ್ಯಾಕ್ಟರ್ ಗುಡುಗುಡು ಅನ್ನುತ್ತಾ ನಿಂತಿದೆ. ನೀವು ಕೀ ತಿರುಗಿಸಿದಿರಿ, ಕಿತ್ತು ಜೇಬಿಗೆ ಹಾಕಿಕೊಂಡಿರಿ. ಇಂಜಿನ್ ನಿಂತಿತೇ? ಇಲ್ಲ! ನೀವು ಮನೆಗೆ ಹೋಗಿ ಊಟ ಮುಗಿಸಿ ಬಂದರೂ ಅದು ಓಡುತ್ತಲೇ ಇರುತ್ತದೆ!

ಯಾಕೆ ಗೊತ್ತೇ? ಡೀಸೆಲ್ ಇಂಜಿನ್ನಿಗೆ ಕಿಡಿಯೇ ಬೇಡ. ಒಳಗೆ ಗಾಳಿಯನ್ನು ಬಿಗಿಯಾಗಿ ಅದುಮಿದಾಗ ಅದು ಕೆಂಡದಷ್ಟು ಕಾಯುತ್ತದೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕರೆಂಟು ಕಡಿದು ಪ್ರಯೋಜನವಿಲ್ಲ. ಡೀಸೆಲ್ ಕಡಿಯಬೇಕು! ಸ್ಟಿಯರಿಂಗ್ ಹತ್ತಿರ ಎಳೆಯುವ ಸ್ಟಾಪ್ ಗುಂಡಿ ಇರುವುದು ಇದಕ್ಕೇ.

ಇನ್ನೂ ಒಂದು ಕೇಳಿ. ಅಂಥ ಗಾಡಿಯನ್ನು ಗೇರಿನಲ್ಲಿಟ್ಟು ಇಳಿಜಾರಿನಲ್ಲಿ ನಿಲ್ಲಿಸಿದ್ದೀರಿ, ಸ್ಟಾಪ್ ಗುಂಡಿ ಒಳಗೇ ಇದೆ. ಬ್ರೇಕ್ ಸಡಿಲವಾಗಿ ಗಾಡಿ ಉರುಳಿದರೆ ಕೀ ಇಲ್ಲದೆ, ಸೆಲ್ಫ್ ಹೊಡೆಯದೆ ಇಂಜಿನ್ ತಾನಾಗಿ ಸ್ಟಾರ್ಟ್ ಆಗಿಬಿಡಬಹುದು! ಬ್ಯಾಟರಿ ಡೌನ್ ಆದಾಗ ನಮ್ಮ ರೈತರು ಉರುಳಿಸಿ ಸ್ಟಾರ್ಟ್ ಮಾಡುವುದೂ ಇದೇ ಗುಟ್ಟಿನಿಂದ. ಮಕ್ಕಳು ಆಡುವ ಕಡೆ ಗಾಡಿ ನಿಲ್ಲಿಸುವವರು ಇದನ್ನು ಮರೆಯಲೇಬಾರದು.

ಈಗ ಇದಕ್ಕಿಂತ ಹಳೆಯ, ಪೆಟ್ರೋಲ್ ಮತ್ತು ಸೀಮೆಎಣ್ಣೆಯ ಟ್ರ್ಯಾಕ್ಟರುಗಳಿಗೆ ಬನ್ನಿ. ಅಲ್ಲಿ ಎಲ್ಲ ಉಲ್ಟಾ! ನಮ್ಮ ಮನೆಯ ಸ್ವಿಚ್ಚು ಆಫ್ ಮಾಡಿದರೆ ವೈರು ಬೇರೆಯಾಗುತ್ತದೆ. ಆ ಇಂಜಿನ್ನುಗಳಲ್ಲಿ ಆಫ್ ಮಾಡುವುದೆಂದರೆ ವೈರು ಕೂಡಿಸುವುದು! ಬ್ಯಾಟರಿಯ ಬದಲು ಅವಕ್ಕೆ ಮ್ಯಾಗ್ನೆಟೋ ಇತ್ತು. ಅಯಸ್ಕಾಂತ ಸುತ್ತಿದ ಹಾಗೆ ಕಿಡಿ ಹುಟ್ಟುತ್ತಿತ್ತು. ಸ್ವಿಚ್ಚು ಆ ಕಿಡಿಯನ್ನು ಗಾಡಿಯ ಮೈಗೆ ಹರಿಸಿ ಕೊಲ್ಲುತ್ತಿತ್ತು.

ಹಾಗಾದರೆ ಆ ವೈರನ್ನು ಇಲಿ ಕಡಿದರೆ? ಸ್ವಿಚ್ಚು ಆಫ್ ಆಗಿದ್ದರೂ ಇಂಜಿನ್ ಜೀವಂತ! ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಇಂಜಿನ್ನಿನ ಚಕ್ರವನ್ನು ಯಾರೋ ಸುಮ್ಮನೆ ಕೈಯಲ್ಲಿ ತಿರುಗಿಸಿದರೂ ಒಳಗೆ ಉಳಿದ ಪೆಟ್ರೋಲ್ ಹೊತ್ತಿ ಢಂ ಅಂದೀತು. ಹಳೆಯ ಇಂಜಿನ್ ಕೂಡಿಡುವ ಹವ್ಯಾಸಿಗಳು ಗಾಡಿ ಎತ್ತಿಡುವ ಮುಂಚೆ ಸ್ಪಾರ್ಕ್ ಪ್ಲಗ್ಗಿನ ವೈರನ್ನೇ ಬಿಚ್ಚಿಡುತ್ತಾರೆ. ಜಾಣರು!

ಜರ್ಮನಿಯ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರಿನ ಹೆಸರು ಕೇಳಿದ್ದೀರಾ? ಫ್ರಿಟ್ಜ್ ಹ್ಯೂಬರ್ ಎಂಬ ಇಂಜಿನಿಯರ್ ರೂಪಿಸಿದ ಇದು 1921ರಲ್ಲಿ ಹೊರಬಂತು. ಒಂದೇ ಒಂದು ಸಿಲಿಂಡರ್! ಮುಂದೆ ಬಂದ ದೊಡ್ಡ ಮಾದರಿಗಳಲ್ಲಿ ಆ ಒಂದು ಸಿಲಿಂಡರಿನ ಅಳತೆಯೇ 10 ಲೀಟರಿಗೂ ಮಿಗಿಲು. ಇವತ್ತಿನ ಸಣ್ಣ ಕಾರಿನ ಇಡೀ ಇಂಜಿನ್ 1 ಲೀಟರ್ ಇದ್ದರೆ ಹೆಚ್ಚು!

ಅದನ್ನು ಸ್ಟಾರ್ಟ್ ಮಾಡುವುದು ನೋಡಬೇಕು. ಮೊದಲು ಇಂಜಿನ್ನಿನ ಮೂತಿಗೆ ಬ್ಲೋಲ್ಯಾಂಪ್ ಹಿಡಿದು ಚೆನ್ನಾಗಿ ಕಾಯಿಸಬೇಕು. ಆಮೇಲೆ ಸ್ಟಿಯರಿಂಗ್ ಚಕ್ರವನ್ನೇ ಕಿತ್ತು, ಪಕ್ಕದ ದೊಡ್ಡ ಫ್ಲೈವೀಲ್‌ಗೆ ಸಿಕ್ಕಿಸಿ ತಿರುಗಿಸಬೇಕು. ಹೌದು, ಸ್ಟಿಯರಿಂಗೇ ಹ್ಯಾಂಡಲ್! ಇಂಜಿನ್ ಎದ್ದ ಮೇಲೆ ಅದನ್ನು ವಾಪಸ್ ಸ್ಟಿಯರಿಂಗ್ ಜಾಗಕ್ಕೆ ತಂದು ಕೂರಿಸಬೇಕು!

ಮೊದಮೊದಲ ಬುಲ್‌ಡಾಗ್‌ಗೆ ರಿವರ್ಸ್ ಗೇರೇ ಇರಲಿಲ್ಲ. ಹಿಂದಕ್ಕೆ ಹೋಗಬೇಕೇ? ಇಂಜಿನ್ನನ್ನು ಇನ್ನೇನು ನಿಂತೇಬಿಡುತ್ತದೆ ಅನ್ನುವಷ್ಟು ನಿಧಾನ ಮಾಡುತ್ತಿದ್ದರು. ಅದು ಒದ್ದು ಉಲ್ಟಾ ದಿಕ್ಕಿಗೆ ತಿರುಗಲು ಶುರುಮಾಡುತ್ತಿತ್ತು. ಈಗ ಗಾಡಿ ಹಿಂದಕ್ಕೆ! ಎಂಥಾ ಉಪಾಯ ನೋಡಿ. ಎಲ್ಲ ಮಾದರಿಗಳೂ ಸೇರಿ ಬುಲ್‌ಡಾಗ್‌ಗಳು ಎರಡು ಲಕ್ಷಕ್ಕೂ ಹೆಚ್ಚು ತಯಾರಾದವು.

ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರ್ ಇನ್ನೂ ಜೋರು. 1945ರಿಂದ 1957ರವರೆಗೆ ಲಿಂಕನ್‌ಶೈರಿನ ಗೇನ್ಸ್‌ಬರೋದಲ್ಲಿ ತಯಾರಾಗುತ್ತಿತ್ತು. ಇದನ್ನು ತೋಟಾ ಸಿಡಿಸಿ ಸ್ಟಾರ್ಟ್ ಮಾಡಬಹುದಿತ್ತು! ಗುಂಡಿಲ್ಲದ ತೋಟಾ ಹಾಕಿ, ಮುಚ್ಚಳ ಬಿಗಿದು, ಸುತ್ತಿಗೆಯಿಂದ ಒಂದು ಏಟು. ಢಮಾರ್! ಆ ಹೊಗೆಯ ಒತ್ತಡಕ್ಕೇ ಪಿಸ್ಟನ್ ಓಟ ಕೀಳುತ್ತಿತ್ತು. ಅದಕ್ಕೂ ಮೊದಲು ಹೊಗೆಯಾಡುವ ಕಾಗದದ ಬತ್ತಿಯೊಂದನ್ನು ಸಿಲಿಂಡರ್ ತಲೆಯೊಳಗೆ ಸಿಕ್ಕಿಸಬೇಕಿತ್ತು!

ಅಮೆರಿಕದ ಕ್ಯಾಟರ್‌ಪಿಲ್ಲರ್ 1931ರಲ್ಲಿ ಡೀಸೆಲ್ ಟ್ರ್ಯಾಕ್ಟರ್ ತಂದಾಗ ದೊಡ್ಡ ಇಂಜಿನ್ ಎಬ್ಬಿಸಲು ಪಕ್ಕದಲ್ಲೇ ಇನ್ನೊಂದು ಚಿಕ್ಕ ಪೆಟ್ರೋಲ್ ಇಂಜಿನ್ ಇಟ್ಟಿತು. ಚಿಕ್ಕದನ್ನು ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡಿ, ಅದರಿಂದ ದೊಡ್ಡದನ್ನು ಸ್ಟಾರ್ಟ್ ಮಾಡುವುದು. ಅಂದರೆ ಗಾಡಿ ಎತ್ತಿಡುವಾಗ ಎರಡೆರಡು ಇಂಜಿನ್ನಿಗೆ ಆರೈಕೆ!

ಇಷ್ಟು ಕಷ್ಟಪಟ್ಟು ಎಬ್ಬಿಸಿದ ಇಂಜಿನ್ನನ್ನು ನಿಲ್ಲಿಸುವುದೂ ಒಂದು ಕಲೆಯೇ ಆಗಿತ್ತು. ಜಾನ್ ಡೀರ್ ಕಂಪನಿಯ ಎರಡು ಸಿಲಿಂಡರಿನ ಹಳೆಯ ಟ್ರ್ಯಾಕ್ಟರುಗಳನ್ನೇ ನೋಡಿ. ತಣ್ಣಗಿರುವಾಗ ಅವು ಸೀಮೆಎಣ್ಣೆಗೆ ಏಳುತ್ತಿರಲಿಲ್ಲ. ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಅಗ್ಗದ ಎಣ್ಣೆಗೆ ತಿರುಗಿಸುತ್ತಿದ್ದರು. ಸಂಜೆ ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಲೇಬೇಕು. ಊಟದ ಕೊನೆಗೆ ಮಜ್ಜಿಗೆ ಇದ್ದ ಹಾಗೆ! ಮರೆತಿರೋ, ಕಾರ್ಬುರೇಟರಿನ ತುಂಬ ಸೀಮೆಎಣ್ಣೆ ನಿಂತಿರುತ್ತದೆ. ಮರುದಿನ ಬೆಳಿಗ್ಗೆ ಎಷ್ಟು ತಿರುಗಿಸಿದರೂ ಇಂಜಿನ್ ಕೆಮ್ಮುವುದೂ ಇಲ್ಲ.

ಆ ಎಣ್ಣೆಯ ಇನ್ನೊಂದು ಸೋಜಿಗ. ಯಾವ ಇಂಜಿನ್ನಿನಲ್ಲೂ ಓಡಿದಂತೆ ಆಯಿಲ್ ಕಡಿಮೆಯಾಗಬೇಕು ತಾನೇ? ಸೀಮೆಎಣ್ಣೆಯ ಟ್ರ್ಯಾಕ್ಟರುಗಳಲ್ಲಿ ಆಯಿಲ್ ಹೆಚ್ಚಾಗುತ್ತಿತ್ತು! ಸರಿಯಾಗಿ ಉರಿಯದ ಸೀಮೆಎಣ್ಣೆ ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಆಯಿಲ್ ಚೇಂಬರ್ ಸೇರುತ್ತಿತ್ತು. ಕಡ್ಡಿ ಅದ್ದಿ ನೋಡಿದರೆ ಮಟ್ಟ ಏರಿರುತ್ತಿತ್ತು. ಖುಷಿಪಡುವಂತಿಲ್ಲ. ಅದು ನೀರಾದ ಆಯಿಲ್, ಇಂಜಿನ್ನಿಗೆ ವಿಷ!

ನಿಲ್ಲಿಸಲು ಹೋದರೂ ನಿಲ್ಲದೆ ಹುಚ್ಚೆದ್ದು ಓಡುವ ಡೀಸೆಲ್ ಇಂಜಿನ್ ಬಗ್ಗೆ ಕೇಳಿದ್ದೀರಾ? ಸ್ಟಾಪ್ ಗುಂಡಿ ಎಳೆದಾಯಿತು, ಡೀಸೆಲ್ ಪೈಪು ಕಿತ್ತಾಯಿತು, ಆದರೂ ವೇಗ ಏರುತ್ತಲೇ ಇದೆ! ಅದು ತನ್ನದೇ ಇಂಜಿನ್ ಆಯಿಲ್ ಕುಡಿದು ಓಡುತ್ತಿರುತ್ತದೆ. ಸವೆದ ರಿಂಗುಗಳ ಪಕ್ಕದಿಂದ, ಇಲ್ಲವೇ ಕೆಟ್ಟ ಟರ್ಬೋದಿಂದ ಆಯಿಲ್ ಸಿಲಿಂಡರಿಗೆ ಸೋರಿದರೆ ಹೀಗಾಗುತ್ತದೆ. ಆಗ ಉಳಿಯುವುದು ಒಂದೇ ದಾರಿ, ಗಾಳಿ ಕಟ್ಟುವುದು! ಏರ್ ಕ್ಲೀನರಿನ ಬಾಯಿಗೆ ಹಲಗೆ ಒತ್ತಿ ಹಿಡಿಯಬೇಕು. ಅಂಗೈ ಮಾತ್ರ ಒಡ್ಡಬೇಡಿ. ಆ ಎಳೆತ ಅಷ್ಟು ಭಯಂಕರ.

1938ರಲ್ಲಿ ಬಂದ ಜನರಲ್ ಮೋಟರ್ಸ್‌ನ ಟೂ ಸ್ಟ್ರೋಕ್ ಡೀಸೆಲ್ ಇಂಜಿನ್ನುಗಳಲ್ಲಿ ಇದಕ್ಕೆಂದೇ ಗಾಳಿ ಮುಚ್ಚುವ ಬಾಗಿಲು ಇರುತ್ತಿತ್ತು. ಒಂದು ತಂತಿ ಎಳೆದರೆ ಉಸಿರು ಬಂದ್!

ನಮ್ಮ ತೋಟದ ಆಯಿಲ್ ಇಂಜಿನ್ನುಗಳನ್ನು ನೆನಪಿಸಿಕೊಳ್ಳಿ. ಇಂಗ್ಲೆಂಡಿನ ಡರ್ಸ್‌ಲಿಯಲ್ಲಿ ಹುಟ್ಟಿದ ಲಿಸ್ಟರ್ ಇಂಜಿನ್ ನಿಮಿಷಕ್ಕೆ ಬರೀ 650 ಸುತ್ತು ಸುತ್ತುತ್ತಾ ಟುಕ್ ಟುಕ್ ಅನ್ನುತ್ತಾ ದಶಕಗಟ್ಟಲೆ ನೀರೆತ್ತಿತು. ಅದರ ನಕಲುಗಳನ್ನು ಗುಜರಾತಿನ ರಾಜ್‌ಕೋಟ್‌ನ ಕಾರ್ಖಾನೆಗಳು ತಯಾರಿಸಿ ದೇಶದ ತುಂಬ ಮಾರಿದವು. ಇನ್ನು ಮನೆಮಾತಾದ ಕಿರ್ಲೋಸ್ಕರ್? ಆ ಮನೆತನದ ಉದ್ಯಮ ಶುರುವಾದದ್ದು ನಮ್ಮ ಬೆಳಗಾವಿಯಲ್ಲಿ, ಒಂದು ಸೈಕಲ್ ಅಂಗಡಿಯಿಂದ!

ಇಂಥ ಇಂಜಿನ್ ನಿಲ್ಲಿಸಲು ಅನೇಕರು ಕಂಪ್ರೆಷನ್ ಬಿಡಿಸುವ ಲಿವರ್ ಎತ್ತಿಬಿಡುತ್ತಾರೆ. ಪುಸ್ ಅಂತ ನಿಲ್ಲುತ್ತದೆ, ಸುಲಭ! ಆದರೆ ಆ ಲಿವರ್ ಇರುವುದು ಸ್ಟಾರ್ಟ್ ಮಾಡುವಾಗ ಹ್ಯಾಂಡಲ್ ಹಗುರಾಗಲಿ ಎಂದು, ನಿಲ್ಲಿಸಲಿಕ್ಕಲ್ಲ. ಓಡುವ ಇಂಜಿನ್ನಿನ ವಾಲ್ವ್ ಎತ್ತಿ ಹಿಡಿದರೆ ವಾಲ್ವಿಗೇ ಪೆಟ್ಟು. ಡೀಸೆಲ್ ಕಟ್ ಮಾಡಿ ನಿಲ್ಲಿಸಿ ಎಂದು ತಯಾರಕರ ಪುಸ್ತಕಗಳೇ ಹೇಳುತ್ತವೆ.

ಇದನ್ನು ಕೇಳಿ ಬೆರಗಾಗುತ್ತೀರಿ. ಇಂಜಿನ್ ನಿಲ್ಲಿಸಿದ ಕೂಡಲೇ ಒಳಗೆ ತಂಪಾಗಲು ಶುರುವಾಗುತ್ತದೆ ಅಂದುಕೊಂಡಿದ್ದೀರಲ್ಲವೇ? ಮೊದಲ ಕೆಲವು ನಿಮಿಷ ಬಿಸಿ ಏರುತ್ತದೆ! ಫ್ಯಾನ್ ನಿಂತಿತು, ನೀರಿನ ಪಂಪ್ ನಿಂತಿತು, ಆದರೆ ಕಬ್ಬಿಣದೊಳಗಿನ ಕಾವು ಎಲ್ಲಿ ಹೋಗಬೇಕು? ಸುತ್ತ ನಿಂತ ನೀರಿಗೇ ಇಳಿಯುತ್ತದೆ. ಭಾರ ಎಳೆದು ಬಂದ ಗಾಡಿಯನ್ನು ಮೂರ್ನಾಲ್ಕು ನಿಮಿಷ ನಿಧಾನಕ್ಕೆ ಓಡಿಸಿ ಆಮೇಲೆ ನಿಲ್ಲಿಸಿ ಎನ್ನುವುದು ಇದಕ್ಕೇ.

ಟರ್ಬೋ ಇದ್ದರಂತೂ ಕಡ್ಡಾಯ. ಅದರ ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ! ಇಂಜಿನ್ ಥಟ್ಟನೆ ನಿಂತರೆ ಆಯಿಲ್ ಬರುವುದೂ ಥಟ್ಟನೆ ನಿಲ್ಲುತ್ತದೆ. ಚಕ್ರ ಮಾತ್ರ ಒಣಗಿದ ಬೇರಿಂಗಿನ ಮೇಲೆ ಸುತ್ತುತ್ತಲೇ ಇರುತ್ತದೆ.

ಇಂಜಿನ್ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ! ನಾಲ್ಕು ಸಿಲಿಂಡರಿನ ಇಂಜಿನ್ ಪ್ರತಿ ಸಲ ಹೆಚ್ಚುಕಡಿಮೆ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ. ಒಳಗೆ ಅದುಮಿದ ಗಾಳಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಅಲ್ಲೇ ಕೂರಿಸುತ್ತದೆ. ಹೀಗಾಗಿ ಸೆಲ್ಫ್ ಮೋಟರ್ ಯಾವಾಗಲೂ ಫ್ಲೈವೀಲಿನ ಅದೇ ಹಲ್ಲುಗಳನ್ನು ಕಚ್ಚುತ್ತದೆ. ಹಳೆಯ ಗಾಡಿಯ ಫ್ಲೈವೀಲ್ ಬಿಚ್ಚಿ ನೋಡಿ, ಎದುರುಬದುರು ಎರಡು ಕಡೆ ಹಲ್ಲು ಸವೆದಿರುತ್ತದೆ, ಮಿಕ್ಕ ಕಡೆ ಹೊಸದರಂತೆ! ಹಲ್ಲಿನ ಬಳೆಯನ್ನು ಕಾಯಿಸಿ ಬಿಡಿಸಿ, ಸ್ವಲ್ಪ ತಿರುಗಿಸಿ ಕೂರಿಸಿದರೆ ಇನ್ನೊಂದು ಆಯುಷ್ಯ.

ಒಂಟಿ ಸಿಲಿಂಡರಿನ ಇಂಜಿನ್ ಎತ್ತಿಡುವವರು ಕೊನೆಗೆ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಗಾಳಿ ಅದುಮಿ ಬಿಗಿಯಾಗುವ ಜಾಗಕ್ಕೆ ತಂದು ಬಿಡುತ್ತಾರೆ. ಯಾಕೆ? ಆ ಜಾಗದಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ. ಹೊರಗಿನ ತೇವದ ಗಾಳಿಗೆ ಒಳಗೆ ಪ್ರವೇಶವೇ ಇಲ್ಲ! ನಾಲ್ಕು ಸಿಲಿಂಡರಿನಲ್ಲಿ ಈ ಆಟ ನಡೆಯದು. ಅಲ್ಲಿ ಯಾವುದಾದರೊಂದು ವಾಲ್ವ್ ತೆರೆದೇ ಇರುತ್ತದೆ.

ಈಗ ನನಗೆ ಅತಿ ದೊಡ್ಡ ಅಚ್ಚರಿ ಅನ್ನಿಸಿದ ಸಂಗತಿ. ಒಂದು ಲೀಟರ್ ಡೀಸೆಲ್ ಉರಿದರೆ ಎಷ್ಟು ನೀರು ಹುಟ್ಟುತ್ತದೆ ಹೇಳಿ? ಹತ್ತಿರ ಹತ್ತಿರ ಒಂದು ಲೀಟರ್! ನಂಬಲಿಕ್ಕಾಗುವುದಿಲ್ಲ, ಅಲ್ಲವೇ? ಡೀಸೆಲ್‌ನೊಳಗಿನ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತದೆ. ಪೆಟ್ರೋಲಿನಲ್ಲೂ ಹೀಗೇ. ಇಂಜಿನ್ ಬಿಸಿಯಾಗಿದ್ದರೆ ಆ ನೀರು ಆವಿಯಾಗಿ ಸೈಲೆನ್ಸರಿನಿಂದ ಹಾರಿಹೋಗುತ್ತದೆ, ನಮಗೆ ಕಾಣುವುದೇ ಇಲ್ಲ.

ಇಂಜಿನ್ ತಣ್ಣಗಿದ್ದರೆ? ಆವಿ ಅಲ್ಲೇ ಹನಿಗಟ್ಟುತ್ತದೆ. ಸೈಲೆನ್ಸರಿನೊಳಗೆ, ಸಿಲಿಂಡರಿನ ಗೋಡೆಗೆ, ಕೊನೆಗೆ ಆಯಿಲ್ ಚೇಂಬರಿಗೆ. ಇದರಿಂದ ಎಂಥ ಉಲ್ಟಾ ಸತ್ಯ ಹೊರಡುತ್ತದೆ ನೋಡಿ. ನಿಂತ ಗಾಡಿಯನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಒಳ್ಳೆಯದು ಎಂದು ಎಲ್ಲರೂ ನಂಬಿದ್ದಾರೆ. ಅದು ಇಂಜಿನ್ನಿಗೆ ವಾರಕ್ಕೊಮ್ಮೆ ನೀರು ಕುಡಿಸಿದಂತೆಯೇ! ಓಡಿಸುವುದಾದರೆ ಹೊಲಕ್ಕೆ ಒಯ್ದು ಅರ್ಧ ಗಂಟೆಯಾದರೂ ದುಡಿಸಿ, ಮೈಯೆಲ್ಲ ಕಾಯಲಿ. ಇಲ್ಲವೇ ಮುಟ್ಟಲೇಬೇಡಿ.

ಆಯಿಲ್ ಬದಲಿಸುವುದು ಯಾವಾಗ? ನಾಲ್ಕು ತಿಂಗಳು ನಿಲ್ಲಿಸಿ, ಮತ್ತೆ ಹೊರತೆಗೆಯುವಾಗ ಅಂತೀರಾ? ತಪ್ಪು! ನಿಲ್ಲಿಸುವ ಮುಂಚೆ. ಹಳೆಯ ಆಯಿಲಿನಲ್ಲಿ ಮಸಿಯ ಜೊತೆ ಆಮ್ಲವೂ ಇರುತ್ತದೆ. ನಿಂತಷ್ಟು ದಿನವೂ ಅದು ಬೇರಿಂಗುಗಳನ್ನು ನೆಕ್ಕುತ್ತಿರುತ್ತದೆ. ಬಿಸಿ ಇರುವಾಗಲೇ ಇಳಿಸಿದರೆ ಕೊಳೆಯೂ ಜೊತೆಗೇ ಹರಿದುಹೋಗುತ್ತದೆ.

ಹಿಮ ಬೀಳುವ ದೇಶಗಳಲ್ಲಿ ನೀರಿನ ಕಾಟ ಬೇರೆಯೇ ಥರ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಅಷ್ಟೇ ಸಾಕು, ಬೆರಳು ದಪ್ಪದ ಬೀಡು ಕಬ್ಬಿಣದ ಇಂಜಿನ್ ಬ್ಲಾಕು ರಾತ್ರೋರಾತ್ರಿ ಸೀಳುತ್ತದೆ! ಅಮೆರಿಕದ ಎಷ್ಟೋ ಹಳೆಯ ಇಂಜಿನ್ನುಗಳ ಮೈಮೇಲೆ ಇಂಥ ಬಿರುಕಿನ ಬೆಸುಗೆ ಇವತ್ತಿಗೂ ಕಾಣುತ್ತದೆ. ಒಂದು ಸಂಜೆ ನೀರು ಇಳಿಸಲು ಮರೆತದ್ದಕ್ಕೆ ಬಿದ್ದ ಗಾಯ ಅದು.

ಇಂಜಿನ್ ಬ್ಲಾಕಿನ ಪಕ್ಕದಲ್ಲಿ ದುಂಡು ದುಂಡು ತಗಡಿನ ಬಿಲ್ಲೆಗಳಿರುತ್ತವೆ, ನೋಡಿದ್ದೀರಾ? ನೀರು ಹೆಪ್ಪುಗಟ್ಟಿದಾಗ ಅವು ಹೊರಬಿದ್ದು ಬ್ಲಾಕು ಉಳಿಸುತ್ತವೆ ಎಂದು ಬಹಳ ಜನ ನಂಬುತ್ತಾರೆ. ಅವು ಇರುವುದು ಅದಕ್ಕಲ್ಲ! ಬ್ಲಾಕನ್ನು ಎರಕ ಹೊಯ್ಯುವಾಗ ಒಳಗೆ ತುಂಬಿದ ಮರಳನ್ನು ಹೊರತೆಗೆಯಲು ಬಿಟ್ಟ ತೂತುಗಳಿಗೆ ಹಾಕಿದ ಮುಚ್ಚಳ ಅವು. ಬ್ಲಾಕು ಉಳಿದರೆ ಅದೃಷ್ಟ, ಅಷ್ಟೇ.

ನೀರು ಇಳಿಸಿದರೂ ಮೋಸ ಹೋಗಬಹುದು. ರೇಡಿಯೇಟರಿಗೆ ಒಂದು ನಲ್ಲಿ, ಬ್ಲಾಕಿಗೆ ಇನ್ನೊಂದು. ಎರಡನ್ನೂ ತೆರೆಯಬೇಕು. ತೆರೆದ ಮೇಲೆ ತಂತಿ ಹಾಕಿ ಚುಚ್ಚಬೇಕು! ತುಕ್ಕಿನ ಕೆಸರು ಕಟ್ಟಿಕೊಂಡು ನಾಲ್ಕು ಹನಿ ಬಿದ್ದು ನಿಂತಿರುತ್ತದೆ, ಒಳಗೆ ನೀರು ಹಾಗೇ ಇರುತ್ತದೆ. ಇಳಿಸಿದ ಮೇಲೆ ಸ್ಟಿಯರಿಂಗಿಗೆ ಒಂದು ಚೀಟಿ ಕಟ್ಟಿ, “ನೀರಿಲ್ಲ” ಎಂದು. ಗೊತ್ತಿಲ್ಲದವರು ಸ್ಟಾರ್ಟ್ ಮಾಡಿದರೆ ಇಂಜಿನ್ ಸುಟ್ಟು ಕೂರುತ್ತದೆ.

ರೇಡಿಯೇಟರಿಗೆ ಹಾಕುವ ಕೂಲಂಟ್, ಅಂದರೆ ಎಥಿಲೀನ್ ಗ್ಲೈಕಾಲ್, ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ. ಹಾಗಾದರೆ ನೀರೇ ಬೆರೆಸದೆ ಅದನ್ನೇ ತುಂಬಿದರೆ ಇನ್ನೂ ಒಳ್ಳೆಯದೇ? ಇಲ್ಲಿದೆ ತಮಾಷೆ! ಶುದ್ಧ ಗ್ಲೈಕಾಲ್ ಮೈನಸ್ 13 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಅರ್ಧಕ್ಕರ್ಧ ನೀರು ಬೆರೆಸಿದರೆ ಮೈನಸ್ 37ರ ಆಸುಪಾಸಿನವರೆಗೂ ತಡೆಯುತ್ತದೆ. ಎರಡೂ ಸೇರಿದರೇ ಬಲ! ಎಚ್ಚರ, ಅದು ಸಿಹಿಯಾದ ವಿಷ. ಚೆಲ್ಲಿದ್ದನ್ನು ನಾಯಿಗಳು ನೆಕ್ಕಿ ಸಾಯುತ್ತವೆ.

ನೀರೇ ಬೇಡ ಎಂದವರೂ ಇದ್ದರು! ಅಮೆರಿಕದ ಇಂಡಿಯಾನಾ ರಾಜ್ಯದ ಲಾ ಪೋರ್ಟ್‌ನಲ್ಲಿ 1910ರಿಂದ ತಯಾರಾದ ರೂಮ್ಲಿ ಆಯಿಲ್‌ಪುಲ್ ಟ್ರ್ಯಾಕ್ಟರಿನ ರೇಡಿಯೇಟರಿನಲ್ಲಿ ನೀರಿನ ಬದಲು ಎಣ್ಣೆ ಹರಿಯುತ್ತಿತ್ತು. ಹಿಮ ಬಂದರೂ ಒಡೆಯುವ ಭಯವಿಲ್ಲ. ಆದರೆ ಅದೇ ಗಾಡಿ ಸಿಲಿಂಡರಿನೊಳಗೆ ಸೀಮೆಎಣ್ಣೆಯ ಜೊತೆ ನೀರು ಚಿಮುಕಿಸಿಕೊಳ್ಳುತ್ತಿತ್ತು. ತಂಪಿಗೆ ಎಣ್ಣೆ, ಉರಿಗೆ ನೀರು!

ಹೆನ್ರಿ ಫೋರ್ಡ್ 1917ರಲ್ಲಿ ತಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಉಸಿರಾಡುವ ಗಾಳಿಯನ್ನು ನೀರಿನಲ್ಲಿ ತೊಳೆದು ಒಳಗೆ ತೆಗೆದುಕೊಳ್ಳುತ್ತಿತ್ತು! ಧೂಳು ನೀರಿನಲ್ಲೇ ಉಳಿಯುತ್ತಿತ್ತು. ಬ್ಯಾಟರಿ ಇಲ್ಲ, ನೀರಿನ ಪಂಪೂ ಇಲ್ಲ. ಬಿಸಿನೀರು ತಾನಾಗಿ ಮೇಲೇರಿ, ತಣ್ಣೀರು ತಾನಾಗಿ ಕೆಳಗಿಳಿಯುತ್ತಿತ್ತು. ಚಳಿಗಾಲಕ್ಕೆ ಎತ್ತಿಡುವಾಗ ರೇಡಿಯೇಟರ್, ಬ್ಲಾಕುಗಳ ಜೊತೆ ಗಾಳಿ ತೊಳೆಯುವ ತೊಟ್ಟಿಯನ್ನೂ ಖಾಲಿ ಮಾಡಬೇಕಿತ್ತು.

ಕೆನಡಾ ಮತ್ತು ಅಲಾಸ್ಕಾದ ಕಾಡುಗಳಲ್ಲಿ ವಿಮಾನ ಹಾರಿಸುತ್ತಿದ್ದವರು ಇನ್ನೂ ಒಂದು ಹೆಜ್ಜೆ ಮುಂದೆ. ಸಂಜೆ ಇಳಿದ ಕೂಡಲೇ ಇಂಜಿನ್ ಆಯಿಲನ್ನು ಡಬ್ಬಕ್ಕೆ ಇಳಿಸಿ, ಬಿಡಾರದೊಳಗೆ ಒಲೆಯ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರು. ಬೆಳಿಗ್ಗೆ ಬಿಸಿಬಿಸಿ ಆಯಿಲ್ ಸುರಿದು ಹೊರಡುತ್ತಿದ್ದರು!

ಚಳಿಗೆ ಹೆದರದ ಟ್ರ್ಯಾಕ್ಟರೂ ಇದೆ, ಪುಟ್ಟ ಬೂದು ಬಣ್ಣದ ಫರ್ಗುಸನ್ ಟಿಇ20. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಇದನ್ನೇ ಓಡಿಸಿಕೊಂಡು! ಚಕ್ರಗಳಿಗೆ ಪಟ್ಟಿ ಸುತ್ತಿದ್ದರು, ಅಷ್ಟೇ. ಇದರ ಇನ್ನೊಂದು ವಿಶೇಷ, ಗೇರ್ ಲಿವರನ್ನೇ ಸೆಲ್ಫ್ ಜಾಗಕ್ಕೆ ತಳ್ಳಿ ಸ್ಟಾರ್ಟ್ ಮಾಡಬೇಕು. ಹಾಗಾಗಿ ಗೇರಿನಲ್ಲಿರುವಾಗ ಸೆಲ್ಫ್ ಹೊಡೆಯಲು ಸಾಧ್ಯವೇ ಇಲ್ಲ!

ನಮ್ಮಲ್ಲಿ ಹಿಮವಿಲ್ಲ, ಮಳೆಯಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಗಾಳಿಯ ತೇವಾಂಶ ಶೇ. 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಜಿಗಿಯುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಅದಕ್ಕಿಂತ ಎಷ್ಟೋ ಮೇಲಿರುತ್ತದೆ! ಗದ್ದೆ ಕೆಲಸ ಮುಗಿಸಿ ಮೂಲೆಗೆ ನಿಂತ ಟಿಲ್ಲರಿನ ಪಾಡು ಊಹಿಸಿಕೊಳ್ಳಿ.

ಗಾಡಿಯನ್ನು ಪ್ಲಾಸ್ಟಿಕ್ ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಕ್ಷೇಮ ಅನ್ನಿಸುತ್ತದೆ. ಮಣ್ಣಿನ ನೆಲದಿಂದ ಏಳುವ ತೇವವೆಲ್ಲ ಒಳಗೇ ಸಿಕ್ಕಿಬಿದ್ದು ಬೆವರುತ್ತದೆ! ಮೇಲೆ ಮಾತ್ರ ಹೊದಿಸಿ, ಸುತ್ತ ಗಾಳಿಯಾಡಲು ಬಿಡಿ. ನೆಲಕ್ಕೆ ಹಲಗೆಯೋ ಶೀಟೋ ಹಾಸಿ.

ನೆಟ್ಟಗೆ ನಿಂತ ಸೈಲೆನ್ಸರ್ ಪೈಪಿನ ಮೇಲೆ ಬೋರಲು ಹಾಕಿದ ತಗಡಿನ ಡಬ್ಬ ನೋಡಿದ್ದೀರಲ್ಲ? ಅಮೆರಿಕದ ರೈತರೂ ಕಾಫಿ ಡಬ್ಬವನ್ನು ಹೀಗೇ ಮುಚ್ಚುತ್ತಿದ್ದರು! ಆ ಡಬ್ಬ ಸಾವಿರಾರು ರೂಪಾಯಿ ಉಳಿಸುತ್ತದೆ. ಮಳೆನೀರು ಪೈಪಿನಲ್ಲಿಳಿದು, ತೆರೆದ ವಾಲ್ವಿನಿಂದ ಸಿಲಿಂಡರಿಗೆ ಬಿದ್ದರೆ ಕಥೆ ಮುಗಿಯಿತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸೆಲ್ಫ್ ಹೊಡೆದರೆ ಪಿಸ್ಟನ್ ಮೇಲೇರಲಾಗದೆ ಅದನ್ನು ಹಿಡಿದ ಉಕ್ಕಿನ ರಾಡೇ ಬಾಗುತ್ತದೆ!

ಬಹಳ ದಿನ ನಿಂತ ಟ್ರ್ಯಾಕ್ಟರಿನ ಕ್ಲಚ್ ತುಳಿದರೂ ಗೇರ್ ಬೀಳುವುದಿಲ್ಲ. ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ! ಮದ್ದು ಬಲು ಸುಲಭ. ಎತ್ತಿಡುವಾಗ ಕ್ಲಚ್ ಪೆಡಲ್ ಒತ್ತಿ, ಮರದ ತುಂಡು ಸಿಕ್ಕಿಸಿ ಹಾಗೇ ಬಿಡುವುದು.

ಕೊಟ್ಟಿಗೆಯ ಮೂಲೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತೀರಾ? ಹಾಗಾದರೆ ಈ ಒಗಟು ಕೇಳಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯವರು ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಯಾರೂ ಮುಟ್ಟದಿದ್ದರೂ ತೋಟಾಗಳು ತಾವಾಗಿ ಬಿರುಕು ಬಿಡುತ್ತಿದ್ದವು! ಕಾರಣ ಸ್ಪಷ್ಟವಾಗಿ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ! ತೇವವಿದ್ದಾಗ ಅದು ಹಿತ್ತಾಳೆಯನ್ನು ಒಳಗಿಂದ ಸೀಳುತ್ತದೆ. ಹಳೆಯ ಟ್ರ್ಯಾಕ್ಟರುಗಳ ರೇಡಿಯೇಟರ್ ತಾಮ್ರ, ಹಿತ್ತಾಳೆಯದೇ. ದನದ ಗಂಜಲದಲ್ಲೂ ಅದೇ ಅಮೋನಿಯಾ. ಗೊಬ್ಬರದ ಚೀಲಗಳನ್ನೂ ಗಾಡಿಯಿಂದ ದೂರವಿಡಿ.

ಬ್ಯಾಟರಿಯನ್ನು ಸಿಮೆಂಟು ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂದು ಅಜ್ಜಂದಿರು ಹೇಳುತ್ತಿದ್ದರು. ಅವರ ಕಾಲದ ಬ್ಯಾಟರಿಗಳಿಗೆ ಮರದ ಪೆಟ್ಟಿಗೆ ಇರುತ್ತಿತ್ತು, ನೆಲದ ತೇವ ಹೀರಿಕೊಳ್ಳುತ್ತಿತ್ತು. ಇವತ್ತಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಆದರೆ ಎಲ್ಲಿಟ್ಟರೂ ಚಾರ್ಜ್ ತಾನಾಗಿ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ!

ವೆಲ್ಡಿಂಗ್ ಮೆಷಿನ್ನೋ ಕರೆಂಟಿನ ಮೋಟರೋ ಓಡುವ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದರೆ ಟೈರು ಬೇಗ ಬಿರುಕು ಬಿಡುತ್ತದೆ. ಕಿಡಿಗಳಿಂದ ಓಜೋನ್ ಹುಟ್ಟುತ್ತದೆ, ರಬ್ಬರಿಗೆ ಅದು ಕಡುವೈರಿ! ಆಕಾಶದಲ್ಲಿ ನಮ್ಮನ್ನು ಕಾಯುವುದು, ಶೆಡ್ಡಿನಲ್ಲಿ ಟೈರನ್ನು ಕಡಿಯುವುದು, ಎರಡೂ ಅದೇ ಓಜೋನ್.

ಟೈರಿನೊಳಗೆ ನೀರು ತುಂಬುವುದು ನಿಮಗೆ ಗೊತ್ತು. ಭಾರ ಹೆಚ್ಚಿ ಚಕ್ರ ಜಾರುವುದಿಲ್ಲ. ಚಳಿ ದೇಶಗಳಲ್ಲಿ ಆ ನೀರೂ ಹೆಪ್ಪುಗಟ್ಟುತ್ತದಲ್ಲ! ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು ಬೆರೆಸುತ್ತಿದ್ದರು, ರಿಮ್ಮು ತುಕ್ಕು ಹಿಡಿಯುತ್ತಿತ್ತು. ಈಗ ಅಮೆರಿಕದಲ್ಲಿ ಸಕ್ಕರೆ ಬೀಟ್‌ರೂಟಿನ ರಸ ತುಂಬುತ್ತಾರೆ! ನೀರಿಗಿಂತ ಭಾರ, ಹೆಪ್ಪುಗಟ್ಟದು, ರಿಮ್ಮು ತಿನ್ನದು.

ಡೀಸೆಲ್ ತಿಂದು ಬದುಕುವ ಬೂಷ್ಟು ಇದೆ ಅಂದರೆ ನಂಬುತ್ತೀರಾ? ಇದೆ! ವಿಜ್ಞಾನಿಗಳು ಅದನ್ನು ಸೀಮೆಎಣ್ಣೆ ಶಿಲೀಂಧ್ರ ಎಂದೂ ಕರೆಯುತ್ತಾರೆ. ವಿಮಾನಗಳ ಟ್ಯಾಂಕಿನಲ್ಲೂ ಕಾಟ ಕೊಟ್ಟ ಜೀವಿ ಇದು. ಟ್ಯಾಂಕಿನ ತಳದಲ್ಲಿ ನಾಲ್ಕು ಹನಿ ನೀರು ನಿಂತರೆ ಸಾಕು. ನೀರಿನಲ್ಲಿ ವಾಸ, ಡೀಸೆಲ್‌ನಲ್ಲಿ ಊಟ! ಕಪ್ಪು ಲೋಳೆಯಾಗಿ ಬೆಳೆದು ಫಿಲ್ಟರ್ ಕಟ್ಟಿಹಾಕುತ್ತದೆ.

ಅದಕ್ಕೇ ಡೀಸೆಲ್ ಗಾಡಿ ಎತ್ತಿಡುವಾಗ ಟ್ಯಾಂಕ್ ಪೂರ್ತಿ ತುಂಬಿಸಬೇಕು. ಖಾಲಿ ಜಾಗವಿದ್ದರೆ ತಾನೇ ಒಳಗಿನ ಗಾಳಿ ರಾತ್ರಿ ತಣಿದು ಹನಿಗಟ್ಟುವುದು? ಪೆಟ್ರೋಲ್ ಇಂಜಿನ್ನಿಗೆ ಮಾತ್ರ ಪೂರಾ ಉಲ್ಟಾ, ಟ್ಯಾಂಕ್ ಖಾಲಿ ಮಾಡಬೇಕು! ಪೆಟ್ರೋಲ್ ಹಳತಾದರೆ ಅಂಟಾಗುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಂತೂ ಗಾಳಿಯ ತೇವವನ್ನೇ ಹೀರುತ್ತದೆ. ನಲ್ಲಿ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ಇಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸಿ.

ಮಣ್ಣಿನ ಗೂಡು ಕಟ್ಟುವ ಕಣಜವೂ ಟ್ರ್ಯಾಕ್ಟರ್ ನಿಲ್ಲಿಸಬಲ್ಲದು! ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿರುತ್ತದೆ. ಅದಕ್ಕೆ ಮಣ್ಣು ಮೆತ್ತಿದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಡೀಸೆಲ್ ಬರುವುದೇ ನಿಲ್ಲುತ್ತದೆ. ಇಂಜಿನ್ ಬಿಚ್ಚುವ ಮೊದಲು ಮುಚ್ಚಳ ನೋಡಿ.

ವರ್ಷಗಟ್ಟಲೆ ನಿಂತು ಜಾಮ್ ಆದ ಇಂಜಿನ್ ಗುಜರಿಗೇ ಗತಿ ಅಂದುಕೊಳ್ಳಬೇಡಿ. ಹಳೆಯ ಗಾಡಿ ರಿಪೇರಿ ಮಾಡುವವರು ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲನ್ನು ಸಮಸಮ ಬೆರೆಸಿ ಸಿಲಿಂಡರಿಗೆ ಸುರಿದು ದಿನಗಟ್ಟಲೆ ಬಿಡುತ್ತಾರೆ. ಅದು ತುಕ್ಕಿನ ಸಂದಿಗೆ ಇಳಿಯುತ್ತದೆ. ಆಮೇಲೆ ಫ್ಲೈವೀಲನ್ನು ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಅಲುಗಿಸುವುದು. ಒಂದು ದಿನ ಟಕ್ಕನೆ ಬಿಡುತ್ತದೆ! ಅಸಿಟೋನ್ ಬೆಂಕಿಗೆ ಥಟ್ಟನೆ ಹೊತ್ತುತ್ತದೆ, ಹತ್ತಿರ ಬೀಡಿ ಬೇಡ.

ಎಬ್ಬಿಸುವಾಗಲೂ ಅವಸರ ಬೇಡ. ನಿಂತ ದಿನಗಳಲ್ಲಿ ಬೇರಿಂಗುಗಳ ಮೇಲಿನ ಆಯಿಲೆಲ್ಲ ಕೆಳಗಿಳಿದಿರುತ್ತದೆ. ಸ್ಟಾಪ್ ಗುಂಡಿ ಎಳೆದು ಹಿಡಿದೇ ಸೆಲ್ಫ್ ಹೊಡೆಯಿರಿ! ಡೀಸೆಲ್ ಬಾರದೆ ಇಂಜಿನ್ ಸುಮ್ಮನೆ ಸುತ್ತುತ್ತದೆ, ಆಯಿಲ್ ಮೇಲೇರುತ್ತದೆ. ಆಯಿಲ್ ಮೀಟರಿನ ಮುಳ್ಳು ಒತ್ತಡ ತೋರಿಸಿದ ಮೇಲೆ ಗುಂಡಿ ಬಿಡಿ. ಡೀಸೆಲ್ ಪೈಪು ಏರ್ ಹಿಡಿದಿದ್ದರೆ ಮೊದಲು ಆ ಏರ್ ತೆಗೆಯಿರಿ.

ಭಾರತದಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರ್ ಐಷರ್ ಹೊರಬಂದದ್ದು 1959ರ ಏಪ್ರಿಲ್ 24ರಂದು, ಫರೀದಾಬಾದಿನಲ್ಲಿ. ಅದರ ತವರು ಜರ್ಮನಿಯ ಐಷರ್ ಕಂಪನಿ ಹೆಸರಾದದ್ದೇ ಗಾಳಿಯಿಂದ ತಂಪಾಗುವ ಇಂಜಿನ್ನಿಗೆ. ರೇಡಿಯೇಟರೇ ಇಲ್ಲ, ಇಳಿಸಲು ನೀರೂ ಇಲ್ಲ! ಇನ್ನು ನಮ್ಮ ಬೆಂಗಳೂರಿನ ಎಚ್‌ಎಂಟಿ, ಕೈಗಡಿಯಾರದ ಅದೇ ಎಚ್‌ಎಂಟಿ, ಚೆಕೊಸ್ಲೊವಾಕಿಯಾದ ಝೆಟರ್ ನೆರವಿನಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಕಟ್ಟಲು ಶುರುಮಾಡಿತು.

ಆ ಟ್ರ್ಯಾಕ್ಟರ್ ಘಟಕ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋಯಿತು, ಗಾಡಿಗಳು ಇನ್ನೂ ಹೊಲದಲ್ಲಿವೆ! ಆ ಗಾಡಿಗಳ ಜೊತೆ ಕೊಟ್ಟ ಕೈಪಿಡಿ ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಇರಬಹುದು. ಇಂಥ ಕೈಪಿಡಿಗಳ ಕೊನೆಯ ಪುಟಗಳಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ಎತ್ತಿಡುವ ಕ್ರಮವನ್ನು ಬರೆದಿರುವುದುಂಟು. ದಯವಿಟ್ಟು ರದ್ದಿಗೆ ಹಾಕಬೇಡಿ. ಹುಡುಕಿ ತೆಗೆದು, ಧೂಳು ಕೊಡವಿ, ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ಓದಿ!